ಗ್ರಂಥಾಲಯದ ಉಚಿತ ತಂತ್ರಾಂಶ: ಅದು ಬಿಟ್ಟಿಯಲ್ಲ, ಮುಯ್ಯಿ

ಮೈಸೂರಿನ ಕಾಲೇಜು ಗ್ರಂಥಾಲಯಗಳಲ್ಲಿ ಹಿಂದೆ ಮರದ ಡ್ರಾಯರುಗಳ ತುಂಬ ಕಾರ್ಡುಗಳಿರುತ್ತಿದ್ದವು. ಈಗ ಬಾರ್‌ಕೋಡ್ ‘ಬೀಪ್’ ಎಂದರೆ ಸಾಕು, ಪುಸ್ತಕ ನಿಮ್ಮ ಹೆಸರಿಗೆ ದಾಖಲಾಗುತ್ತದೆ. ಆ ದಾಖಲೆ ಇಡುವುದು ಒಂದು ತಂತ್ರಾಂಶ. ಭಾರತದ ಅನೇಕ ಗ್ರಂಥಾಲಯಗಳಲ್ಲಿ ಬಳಕೆಯಲ್ಲಿರುವ ಅಂಥ ಒಂದು ತಂತ್ರಾಂಶ ಕೋಹಾ. ಅದಕ್ಕೆ ಲೈಸೆನ್ಸ್ ಶುಲ್ಕವಿಲ್ಲ. ಅದರ ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು.

ಇದನ್ನು ಹೇಳಿದ ಕೂಡಲೇ ಮೂರು ಮಾತು ಕೇಳಿಬರುತ್ತವೆ. ‘ಬಿಟ್ಟಿ ಸಿಕ್ಕಿದ್ದು ಬಾಳಿಕೆ ಬರಲ್ಲ.’ ‘ಯಾರು ಬೇಕಾದರೂ ಕೈಹಾಕಿದರೆ ಕೆಟ್ಟುಹೋಗುತ್ತೆ.’ ‘ಕೋಡ್ ಚೆನ್ನಾಗಿದ್ದರೆ ಸಾಕು, ಬರೆದವರ ನಡವಳಿಕೆ ಯಾರಿಗೆ ಬೇಕು?’ ಒಂದೊಂದಾಗಿ ನೋಡೋಣ.

ಬಿಟ್ಟಿ ಅಂದರೆ ಬಾಳಿಕೆ ಇಲ್ಲವೇ?

ಕೋಹಾ ಹುಟ್ಟಿದ್ದು ನ್ಯೂಜಿಲೆಂಡ್‌ನಲ್ಲಿ. 1999ರಲ್ಲಿ ಅಲ್ಲಿನ ಹೊರೊವೆನುವಾ ಗ್ರಂಥಾಲಯ ಟ್ರಸ್ಟ್‌ಗೆ ಒಂದು ಚಿಂತೆ ಹತ್ತಿತು. ಅವರ ಹಳೆಯ ತಂತ್ರಾಂಶ 2000ನೇ ಇಸವಿಯ ದಿನಾಂಕಗಳನ್ನು ತಾಳಿಕೊಳ್ಳುವಂತಿರಲಿಲ್ಲ. ಕಟಿಪೊ ಎಂಬ ಸಣ್ಣ ಕಂಪನಿ ಹೊಸದನ್ನು ಬರೆದುಕೊಟ್ಟಿತು, 2000ದ ಜನವರಿಯಲ್ಲಿ ಅದು ಕೆಲಸ ಶುರುಮಾಡಿತು. ಅದನ್ನು ಬಚ್ಚಿಟ್ಟುಕೊಳ್ಳದೆ ಎಲ್ಲರಿಗೂ ಬಿಟ್ಟುಕೊಟ್ಟರು. ಇಪ್ಪತ್ತೈದು ವರ್ಷ ದಾಟಿದರೂ ಅದು ಬಳಕೆಯಲ್ಲಿದೆ.

‘ಕೋಹಾ’ ಎಂಬುದು ಅಲ್ಲಿನ ಮೂಲನಿವಾಸಿ ಮಾವೋರಿ ಜನರ ಮಾತು. ಅರ್ಥ ಉಡುಗೊರೆ, ಆದರೆ ಮುಂದೊಂದು ದಿನ ಹಿಂತಿರುಗಿಸಬೇಕಾದ ಉಡುಗೊರೆ. ನಮ್ಮ ಮದುವೆ ಮನೆಗಳ ‘ಮುಯ್ಯಿ’ ಇದಕ್ಕೆ ತೀರ ಹತ್ತಿರದ ಮಾತು. ಒಂದು ಗ್ರಂಥಾಲಯ ತನಗೆಂದು ಮಾಡಿಸಿಕೊಂಡ ಸುಧಾರಣೆಯನ್ನು ಉಳಿದವರಿಗೂ ಕೊಡುತ್ತದೆ, ಉಳಿದವರದ್ದು ಇವರಿಗೆ ಬರುತ್ತದೆ.

ಹಾಗೆಂದು ಖರ್ಚೇ ಇಲ್ಲವೆಂದಲ್ಲ. ಸರ್ವರ್, ಬ್ಯಾಕಪ್, ಸಿಬ್ಬಂದಿಯ ತರಬೇತಿ ಎಲ್ಲಕ್ಕೂ ಹಣ ಬೇಕು. ಉಳಿಯುವುದು ಲೈಸೆನ್ಸ್ ಹಣ ಮಾತ್ರ.

ಯಾರು ಬೇಕಾದರೂ ಕೆಡಿಸಬಹುದೇ?

ಇಲ್ಲ. ಯಾರು ಬೇಕಾದರೂ ಬದಲಾವಣೆ ಸೂಚಿಸಬಹುದು, ಆದರೆ ಅದು ನೇರವಾಗಿ ಒಳಗೆ ಹೋಗುವುದಿಲ್ಲ. ಮೊದಲು ದೋಷವನ್ನು ಎಲ್ಲರಿಗೂ ಕಾಣುವಂತೆ ದಾಖಲಿಸಬೇಕು. ಅದಕ್ಕೆ ಬರೆದ ತಿದ್ದುಪಡಿಯನ್ನು, ಅಂದರೆ ಪ್ಯಾಚನ್ನು, ಬರೆದವರಲ್ಲದೆ ಇನ್ನೊಬ್ಬರು ಓಡಿಸಿ ನೋಡಿ ಒಪ್ಪಿಗೆ ಹಾಕಬೇಕು. ಆಮೇಲೆ ಗುಣಮಟ್ಟದ ತಂಡದವರು ಪರಿಶೀಲಿಸುತ್ತಾರೆ. ಕೊನೆಗೆ ಬಿಡುಗಡೆಯ ಹೊಣೆ ಹೊತ್ತವರು ಸೇರಿಸುತ್ತಾರೆ. ಈ ಹೊಣೆಗಳಿಗೆ ಜನರನ್ನು ಸಮುದಾಯವೇ ಆರಿಸುತ್ತದೆ.

ಈ ಪದ್ಧತಿಗೂ ಮಿತಿಯಿದೆ. ಪರೀಕ್ಷಿಸುವ ಕೈಗಳು ಕಡಿಮೆಯಾದರೆ ಒಳ್ಳೆಯ ತಿದ್ದುಪಡಿಯೂ ಕಾಯುತ್ತಾ ಕೂರುತ್ತದೆ.

ಕಂಪನಿಯೊಂದು ಹೆಸರಿನ ಮೇಲೆ ಹಕ್ಕು ಹೂಡಿದರೆ? ಅದೂ ನಡೆದಿದೆ. ಅಮೆರಿಕದ ಪಿಟಿಎಫ್‌ಎಸ್ ಕಂಪನಿ 2010ರಲ್ಲಿ ಲಿಬ್‌ಲೈಮ್ ಎಂಬ ಕೋಹಾ ಸೇವಾ ಕಂಪನಿಯನ್ನು ಕೊಂಡಿತು. 2011ರಲ್ಲಿ ನ್ಯೂಜಿಲೆಂಡ್‌ನಲ್ಲೇ ‘ಕೋಹಾ’ ಹೆಸರಿನ ಟ್ರೇಡ್‌ಮಾರ್ಕ್ ವಿವಾದ ಎದ್ದಿತು. ತಂತ್ರಾಂಶವನ್ನು ಮೊದಲು ಮಾಡಿಸಿದ ಪುಟ್ಟ ಗ್ರಂಥಾಲಯ ಟ್ರಸ್ಟೇ ಹೋರಾಟಕ್ಕೆ ಜನರ ನೆರವು ಕೇಳಬೇಕಾಯಿತು. ಕೊನೆಗೆ ಕಂಪನಿಯ ಅರ್ಜಿ ತಿರಸ್ಕೃತವಾಯಿತು. ಇಷ್ಟಾದರೂ ತಂತ್ರಾಂಶ ನಿಲ್ಲಲಿಲ್ಲ. ಕೋಡ್ ಎಲ್ಲರ ಕೈಯಲ್ಲಿತ್ತು, ಅದನ್ನು ಮುಂದುವರಿಸುವ ಜನರೂ ಇದ್ದರು.

ನಡವಳಿಕೆ ಯಾಕೆ ಮುಖ್ಯ?

ಕನ್ನಡದ್ದೇ ಉದಾಹರಣೆ ನೋಡಿ. ‘ಕೊಡಗು’ ಪದದ ‘ಕೊ’ ಅಕ್ಷರವನ್ನು ಯೂನಿಕೋಡ್‌ನಲ್ಲಿ ಎರಡು ರೀತಿ ಬರೆಯಬಹುದು. ‘ಕ’ಕ್ಕೆ ಒತ್ವದ ಒಂದೇ ಚಿಹ್ನೆ ಸೇರಿಸಬಹುದು, ಇಲ್ಲವೇ ‘ಎ’ ಮತ್ತು ‘ಊ’ ಸ್ವರಗಳ ಎರಡು ಚಿಹ್ನೆಗಳನ್ನು ಒಂದರ ಹಿಂದೊಂದು ಸೇರಿಸಬಹುದು. ಪರದೆಯ ಮೇಲೆ ಎರಡೂ ಒಂದೇ. ಕಂಪ್ಯೂಟರಿಗೆ ಮಾತ್ರ ಬೇರೆ ಬೇರೆ. ಇವೆರಡನ್ನೂ ಒಂದೇ ರೂಪಕ್ಕೆ ತರದ ತಂತ್ರಾಂಶದಲ್ಲಿ ನೀವು ‘ಕೊಡಗು’ ಎಂದು ಹುಡುಕಿದರೆ, ಕಪಾಟಿನಲ್ಲಿರುವ ಪುಸ್ತಕವೂ ‘ಇಲ್ಲ’ ಎಂದು ಬರಬಹುದು. ಯೂನಿಕೋಡ್ ಅಲ್ಲದ ಹಳೆಯ ಕನ್ನಡ ಫಾಂಟುಗಳಲ್ಲಿ ಟೈಪ್ ಮಾಡಿದ ದಾಖಲೆಗಳ ಪಾಡು ಇನ್ನೂ ಕಷ್ಟ.

ಇಂಥ ದೋಷ ಇಂಗ್ಲಿಷ್ ಮಾತ್ರ ಬಲ್ಲ ಡೆವಲಪರ್‌ಗೆ ಕಾಣುವುದೇ ಇಲ್ಲ. ಕನ್ನಡ ಓದುವ ಗ್ರಂಥಪಾಲಕರೋ ವಿದ್ಯಾರ್ಥಿಯೋ ಅದನ್ನು ಹೇಳಬೇಕು. ಅವರು ಅಳುಕುತ್ತಲೇ, ಅರ್ಧಂಬರ್ಧ ಇಂಗ್ಲಿಷಿನಲ್ಲಿ ಮೊದಲ ಪ್ರಶ್ನೆ ಕೇಳುತ್ತಾರೆ ಎನ್ನಿ. ‘ಮೊದಲು ಕೈಪಿಡಿ ಓದಿ ಬನ್ನಿ’ ಎಂಬ ಉತ್ತರ ಬಂದರೆ ಅವರು ಇನ್ನೊಮ್ಮೆ ಕೇಳುವುದಿಲ್ಲ. ‘ಯಾವ ಆವೃತ್ತಿ? ಯಾವ ಪದ? ಹೇಗೆ ಟೈಪ್ ಮಾಡಿದಿರಿ?’ ಎಂದು ಕೇಳಿದರೆ ದೋಷ ಸಿಗುತ್ತದೆ. ಒರಟು ಮಾತಿನ ನಷ್ಟ ಆ ಒಬ್ಬರದಷ್ಟೇ ಅಲ್ಲ, ಪುಸ್ತಕ ಸಿಗದ ಎಲ್ಲ ಓದುಗರದ್ದು.

ಈ ಕೆಲಸಕ್ಕೆ ಮೈಸೂರು ಹೊಸದಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಗ್ರಂಥಾಲಯ ವಿಜ್ಞಾನ ವಿಭಾಗದಲ್ಲಿ 2000ದಲ್ಲಿ ಪ್ರೊ. ಶಾಲಿನಿ ಅರಸ್ ಅವರ ನೇತೃತ್ವದಲ್ಲಿ ‘ವಿದ್ಯಾನಿಧಿ’ ಶುರುವಾಯಿತು. ಅದು ಭಾರತದ ಪಿಎಚ್‌ಡಿ ಪ್ರಬಂಧಗಳ ಡಿಜಿಟಲ್ ಗ್ರಂಥಾಲಯ. ಕನ್ನಡ, ಹಿಂದಿ ಪ್ರಬಂಧಗಳ ವಿವರವನ್ನು ಆಯಾ ಲಿಪಿಯಲ್ಲೇ ಯೂನಿಕೋಡ್ ಬಳಸಿ ದಾಖಲಿಸುವ ತೊಡಕುಗಳ ಬಗ್ಗೆ ಆಗಲೇ ಇಲ್ಲಿ ಕೆಲಸ ನಡೆದಿತ್ತು.

‘ಬುದ್ಧಿವಂತರು ಒರಟರಾಗಿದ್ದರೇನಂತೆ’ ಎಂಬ ವಾದವನ್ನು ದೊಡ್ಡ ಸಮುದಾಯಗಳೇ ಕೈಬಿಟ್ಟಿವೆ. ಲಿನಕ್ಸ್ ಆರಂಭಿಸಿದ ಲೈನಸ್ ಟೋರ್ವಾಲ್ಡ್ಸ್ ತಮ್ಮ ಕಟು ಇಮೇಲ್‌ಗಳಿಗಾಗಿ 2018ರ ಸೆಪ್ಟೆಂಬರಿನಲ್ಲಿ ಕ್ಷಮೆ ಕೇಳಿದರು. ಅದೇ ಹೊತ್ತಿಗೆ ಲಿನಕ್ಸ್ ಕರ್ನೆಲ್ ಯೋಜನೆ ನಡವಳಿಕೆಯ ಹೊಸ ನಿಯಮಗಳನ್ನು ಒಪ್ಪಿಕೊಂಡಿತು. ಇಂಥ ನಿಯಮಗಳ ಅರ್ಥ ಟೀಕೆ ಮಾಡಬಾರದೆಂದಲ್ಲ. ಕೋಡ್ ತಪ್ಪಿದ್ದರೆ ತಪ್ಪು ಎನ್ನಿ, ಬರೆದವರನ್ನು ಹೀಯಾಳಿಸಬೇಡಿ ಎಂದಷ್ಟೇ. ದೂರು ಬಂದಾಗ ಕೇಳಿಸಿಕೊಳ್ಳುವವರು ಇಲ್ಲದಿದ್ದರೆ ಮಾತ್ರ ನಿಯಮ ಬರೀ ಕಾಗದ.

ನೀವೇನು ಮಾಡಬಹುದು?

ಗ್ರಂಥಾಲಯದ ಹುಡುಕಾಟದಲ್ಲಿ ಕನ್ನಡ ಪುಸ್ತಕ ಸಿಗದಿದ್ದರೆ ‘ಈ ಸಾಫ್ಟ್‌ವೇರೇ ಸರಿಯಿಲ್ಲ’ ಎಂದು ಗ್ರೂಪಿಗೆ ಹಾಕಿ ಸುಮ್ಮನಾಗಬೇಡಿ. ಹುಡುಕಿದ ಪದ, ಬಳಸಿದ ಕೀಲಿಮಣೆ, ಬಂದ ಫಲಿತಾಂಶ ಈ ಮೂರನ್ನು ಬರೆದು ಗ್ರಂಥಪಾಲಕರಿಗೆ ಕೊಡಿ. ಸ್ಕ್ರೀನ್‌ಶಾಟ್ ಕಳಿಸುವ ಮುನ್ನ ಅದರಲ್ಲಿ ಯಾರದ್ದಾದರೂ ಫೋನ್ ನಂಬರು, ಯಾರು ಯಾವ ಪುಸ್ತಕ ಒಯ್ದರೆಂಬ ವಿವರ ಇದ್ದರೆ ಮರೆಮಾಡಿ. ನೀವು ಕೊಟ್ಟ ಆ ಸಣ್ಣ ಚೀಟಿಯೂ ಮುಯ್ಯಿಯ ಲೆಕ್ಕಕ್ಕೇ ಸೇರುತ್ತದೆ.