ಕೋಲು ಎರಡು, ಕೊನೇ ಬಸ್ಸು ಒಂದು

ಕೋಲಾಟ ಕಲಿಯಬೇಕೆಂದವರು ಒಳ್ಳೆ ಗುರುವನ್ನು ಹುಡುಕಿಕೊಂಡು ಹೋಗುತ್ತಾರೆ ಎಂಬುದು ಗುರುಗಳ ನಂಬಿಕೆ. ಸಂಜೆ ಹೊತ್ತು ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ ಅರ್ಧ ಗಂಟೆ ನಿಂತರೆ ಆ ನಂಬಿಕೆ ಉಳಿಯೋದು ಕಷ್ಟ. ವೈರ್ ಬ್ಯಾಗಿನಿಂದ ಕೋಲಿನ ತುದಿ ಇಣುಕುತ್ತಿರುವ ಹೆಂಗಸರು ಅಲ್ಲಿ ಗುರುವಿನ ವಿಚಾರ ಮಾತಾಡುವುದಿಲ್ಲ, ಹೆಜ್ಜೆಯ ವಿಚಾರವನ್ನೂ ಮಾತಾಡುವುದಿಲ್ಲ. "ಅಕ್ಕಾ, ಇದು ಹೋದರೆ ಮುಂದಿನದು ಎಷ್ಟಕ್ಕೆ?" ಇಷ್ಟೇ ವಿಚಾರ.

ಜಿಲ್ಲೆಯಲ್ಲಿ ಈಗ ಕುಣಿತದ ಕ್ಲಾಸುಗಳಿಗೆ ಬರವಿಲ್ಲ. ಪೇಟೆಯಲ್ಲಿ ಭರತನಾಟ್ಯ, ಸಿನಿಮಾ ಡ್ಯಾನ್ಸು, ಮೈ ಇಳಿಸಲು ಝುಂಬಾ. ದೇವಸ್ಥಾನದ ಅಂಗಳದಲ್ಲಿ ಕೋಲಾಟ, ಹಳ್ಳಿಗಳಲ್ಲಿ ಚೆಕ್ಕೆ ಭಜನೆ. ಯಾರು ಯಾವುದಕ್ಕೆ ಸೇರುತ್ತಾರೆ, ಸೇರಿದವರು ಯಾಕೆ ಬಿಡುತ್ತಾರೆ ಎಂದು ಕೂತು ಲೆಕ್ಕ ಹಾಕಿದವರು ಕಡಿಮೆ. ತಂಡ ಒಡೆದಾಗ "ಈಗಿನವರಿಗೆ ಆಸಕ್ತಿ ಇಲ್ಲ ಬಿಡಿ" ಎಂದು ಒಂದು ಮಾತು ಹೇಳಿ ಕೈ ತೊಳೆದುಕೊಳ್ಳುವುದು ರೂಢಿ. ಆಸಕ್ತಿ ಬೇಕಾದಷ್ಟಿದೆ. ಕೊರತೆ ಇರುವುದು ಬಸ್ಸಿಗೆ, ಬೆಳಕಿಗೆ, ಜೊತೆಗೆ.

ಭರತನಾಟ್ಯಕ್ಕೆ ಮಗು ಒಂದೇ ಹೋದರೂ ಪಾಠ ನಡೆಯುತ್ತದೆ. ಜೂನಿಯರ್ ಪರೀಕ್ಷೆಯಲ್ಲಿ ಯಾವ ಕ್ಲಾಸಿನ ಮಕ್ಕಳು ಪಾಸಾದರು ಎಂದು ವಿಚಾರಿಸಿ ತಾಯ್ತಂದೆ ಸೇರಿಸುತ್ತಾರೆ, ಅಲ್ಲಿಗೆ ಮುಗಿಯಿತು. ಕೋಲಾಟ ಹಾಗಲ್ಲ. ಕೋಲಿಗೆ ಎದುರು ಕೋಲು ಬೇಕು. ಎಂಟೋ, ಹನ್ನೆರಡೋ, ಹದಿನಾರೋ, ಸರಿಸಂಖ್ಯೆಯಲ್ಲೇ ನಿಲ್ಲಬೇಕು. ಒಬ್ಬಳು ಬರಲಿಲ್ಲವೆಂದರೆ ಇನ್ನೊಬ್ಬಳು ಗಾಳಿಗೆ ಕೋಲು ಹಾಕಬೇಕು. ಜಡೆ ಕೋಲಾಟದ ಮಾತಂತೂ ಕೇಳಲೇಬೇಡಿ. ಮೇಲಿನಿಂದ ಇಳಿಬಿಟ್ಟ ಹಗ್ಗ ಹಿಡಿದು ಸುತ್ತುವಾಗ ಒಬ್ಬರು ದಾರಿ ತಪ್ಪಿದರೂ ಹೆಣಿಗೆ ಗಂಟು ಬೀಳುತ್ತದೆ. ಆಮೇಲೆ ಕುಣಿತ ನಿಲ್ಲಿಸಿ ಗಂಟು ಬಿಡಿಸುವುದೇ ಕೆಲಸ.

ಹೀಗಾಗಿ ಕೋಲಾಟಕ್ಕೆ ಒಬ್ಬೊಬ್ಬರಾಗಿ ಸೇರುವವರು ಅಪರೂಪ. ಅತ್ತಿಗೆ-ನಾದಿನಿ, ಪಕ್ಕದ ಮನೆಯವರು, ಒಂದೇ ಫ್ಯಾಕ್ಟರಿಗೆ ಕೆಲಸಕ್ಕೆ ಹೋಗುವ ಗೆಳತಿಯರು, ಹೀಗೆ ಇಬ್ಬಿಬ್ಬರು ಬರುತ್ತಾರೆ. ಬಿಡುವಾಗಲೂ ಇಬ್ಬಿಬ್ಬರೇ ಬಿಡುತ್ತಾರೆ. ಅತ್ತಿಗೆಗೆ ಬಾಣಂತನ ಬಂದರೆ ನಾದಿನಿಯೂ ಮನೆಯಲ್ಲೇ. ಹದಿನಾರು ಜನರ ತಂಡ ಒಂದೇ ವಾರದಲ್ಲಿ ಹನ್ನೆರಡಕ್ಕೆ ಇಳಿಯುವುದು ಹೀಗೆ.

ಇಲ್ಲೊಂದು ಸೋಜಿಗವಿದೆ. ಕುಣಿಯುವಾಗ ಜೋಡಿ ಬದಲಾಗುತ್ತಲೇ ಇರುತ್ತದೆ. ಒಳಸುತ್ತಿನವರು ಒಂದು ಕಡೆ, ಹೊರಸುತ್ತಿನವರು ಇನ್ನೊಂದು ಕಡೆ ಸರಿಯುತ್ತ ಹೋದರೆ ನಾಲ್ಕು ಪೆಟ್ಟಿಗೊಮ್ಮೆ ಎದುರಿಗೆ ಹೊಸ ಮುಖ. ತಂದ ಜೋಡಿ ಸುತ್ತು ಮುಗಿಯುವ ತನಕ ಕೈಗೇ ಸಿಗುವುದಿಲ್ಲ. ಹಾಗಿದ್ದಮೇಲೆ ಜೊತೆ ಕಟ್ಟಿಕೊಂಡೇ ಯಾಕೆ ಬರಬೇಕು? ಉತ್ತರ ಬಸ್ ಸ್ಟ್ಯಾಂಡಿನಲ್ಲಿದೆ. ಆ ಜೋಡಿ ಬೇಕಾಗಿರುವುದು ಅಂಗಳದಲ್ಲಿ ಕುಣಿಯುವುದಕ್ಕಲ್ಲ, ಅಂಗಳದಿಂದ ಮನೆಗೆ ಸೇರುವುದಕ್ಕೆ.

ಬೆಂಗಳೂರಿಗೆ ನೌಕರಿಗೆ ಹೋಗಿಬರುವ ನಮ್ಮ ಕಡೆಯ ಹುಡುಗ ಹುಡುಗಿಯರಲ್ಲಿ ಸಾಲ್ಸಾ ಎಂಬ ಜೋಡಿ ಕುಣಿತದ ಕ್ಲಾಸಿಗೆ ಹೋದವರೂ ಇದ್ದಾರೆ. ಕ್ಯೂಬಾದ ತಾಳ, ನ್ಯೂಯಾರ್ಕಿನಲ್ಲಿ ಬೆಳೆದ ಕುಣಿತ. ಗಂಡು ನಡೆಸಬೇಕು, ಹೆಣ್ಣು ಅನುಸರಿಸಬೇಕು ಎಂಬುದು ಹಳೇ ಕ್ರಮ, ಈಗ ಯಾರು ಬೇಕಾದರೂ ನಡೆಸುತ್ತಾರೆ. ಅಲ್ಲಿ ಪಾಠದ ನಡುವೆ ಮೇಷ್ಟ್ರು "ಚೇಂಜ್" ಎಂದು ಕೂಗಿದರೆ ಒಂದು ಸಾಲು ಪಕ್ಕಕ್ಕೆ ಸರಿಯುತ್ತದೆ. ಎಲ್ಲರೂ ಎಲ್ಲರ ಜೊತೆ ಕಲಿಯುತ್ತಾರೆ, ಒಬ್ಬರೇ ಬಂದವರಿಗೂ ತೊಂದರೆಯಿಲ್ಲ. ನಮ್ಮ ಒಳಸುತ್ತು ಹೊರಸುತ್ತು ಇದಕ್ಕಿಂತ ಬೇರೇನಲ್ಲ.

ಆದರೆ ಕ್ಲಾಸು ಬೇರೆ, ಆಟ ಬೇರೆ. ಕಲಿತದ್ದನ್ನು ಕುಣಿಯಲು ಅವರು ಒಂದು ಸಂಜೆ ಸೇರುತ್ತಾರೆ, ಅದಕ್ಕೆ ಸೋಷಿಯಲ್ ಎನ್ನುತ್ತಾರೆ. ನೆಲ ನುಣುಪಾಗಿದೆಯೇ, ಗಂಡು ಹೆಣ್ಣು ಸರಿಸಮ ಬರುತ್ತಾರೆಯೇ, ಹೊಸಬರ ಜೊತೆ ಹಳಬರು ಕುಣಿಯುತ್ತಾರೆಯೇ, ಹಾಡು ಹಾಕುವವರು ಯಾರು ಎಂದೆಲ್ಲ ನೋಡಿ ಜಾಗ ಆರಿಸಿಕೊಳ್ಳುವ ಭಾಗ್ಯ ಊರಿನವರದು. ಚಿಕ್ಕಬಳ್ಳಾಪುರದ ಹುಡುಗಿ ನೋಡುವುದು ಗಡಿಯಾರವನ್ನು. ಆಟ ಕಳೆಕಟ್ಟುವುದೇ ಒಂಬತ್ತರ ಮೇಲೆ, ಅಷ್ಟೊತ್ತಿಗೆ ಆಕೆ ದೇವನಹಳ್ಳಿ ದಾಟಿರಬೇಕು. ಹೀಗಾಗಿ ಆಕೆ ಒಳ್ಳೆ ಕ್ಲಾಸು ಬಿಟ್ಟು ಹೆಬ್ಬಾಳದ ಈಚೆಗಿರುವ ಕ್ಲಾಸು ಹಿಡಿಯುತ್ತಾಳೆ. ಹೆಬ್ಬಾಳ ದಾಟುವುದು ಅಂದರೆ ಅದೇ ಒಂದು ಕುಣಿತ, ಪ್ರತಿದಿನ ಹೋಗೋರಿಗೆ ಗೊತ್ತು. ರಾಜಧಾನಿಯಲ್ಲಿ ಕುಣಿಯುವ ಜಾಗವೂ ಕಲ್ಲಿನಲ್ಲಿ ಕೆತ್ತಿದ್ದಲ್ಲ. 2005ರ ಲೈಸೆನ್ಸ್ ಆದೇಶವನ್ನು ಹಿಡಿದು 2008ರಲ್ಲಿ ಪೊಲೀಸರು ಪಬ್ಬುಗಳಲ್ಲಿ ಕುಣಿತವನ್ನೇ ನಿಲ್ಲಿಸಲು ಹೊರಟಿದ್ದನ್ನು ಅಲ್ಲಿಯವರು ಮರೆತಿಲ್ಲ.

ಅಲ್ಲಿಯ ಮಾತು ಅಲ್ಲಿಗಿರಲಿ. ಜಿಲ್ಲೆಯೊಳಗಿನ ಲೆಕ್ಕ ಬದಲಾದದ್ದು 2023ರ ಜೂನ್ 11ರಿಂದ, ಶಕ್ತಿ ಯೋಜನೆಯಿಂದ. ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ದೇವಸ್ಥಾನಗಳಿಗೆ ಜನ ಜಾಸ್ತಿಯಾದರು ಎಂದು ಎಲ್ಲರೂ ಬರೆದರು. ಸಂಜೆ ಪಾಠಕ್ಕೆ ಊರು ಬಿಟ್ಟು ಊರಿಗೆ ಹೋಗುವುದೂ ಇದರಿಂದ ಸಾಧ್ಯವಾಯಿತು ಎಂಬುದನ್ನು ಯಾರೂ ಗಮನಿಸಲಿಲ್ಲ. ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರಕ್ಕೆ ವಾರಕ್ಕೆ ಮೂರು ದಿನ ಹೋಗಿಬರುವ ಬಸ್ ಚಾರ್ಜು ಮೊದಲು ಗುರುವಿನ ಫೀಸಿನ ಜೊತೆ ಪೈಪೋಟಿಗೆ ನಿಲ್ಲುತ್ತಿತ್ತು. ಈಗ ಆಧಾರ್ ಕಾರ್ಡು ತೋರಿಸಿದರೆ ಸಾಕು.

ಆದರೆ ಈ ಭಾಗದ ರಸ್ತೆಗಳು ಖಾಸಗಿ ಬಸ್ಸುಗಳನ್ನು ನಂಬಿ ಬದುಕಿದವು. ಚಿಂತಾಮಣಿ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಖಾಸಗಿ ಬಸ್ಸಿನಲ್ಲಿ ಶಕ್ತಿ ನಡೆಯುವುದಿಲ್ಲ. ಆದ್ದರಿಂದ ಯಾವ ಕ್ಲಾಸು ತುಂಬುತ್ತದೆ ಎಂಬುದನ್ನು ಈಗ ತೀರ್ಮಾನಿಸುವುದು ಸರ್ಕಾರಿ ಬಸ್ಸಿನ ದಾರಿ. ಕೆಂಪು ಬಸ್ಸು ಸಂಜೆ ಎರಡು ಸಲ ಹಾಯುವ ಊರಿನ ಸಾಧಾರಣ ಗುರುವಿಗೆ ಶಿಷ್ಯರಿದ್ದಾರೆ. ಮುಖ್ಯರಸ್ತೆಯಿಂದ ಮೂರು ಕಿಲೋಮೀಟರ್ ಒಳಗಿರುವ ಹಳ್ಳಿಯಲ್ಲಿ ಎಪ್ಪತ್ತು ಬಗೆ ಕೋಲು ಬಲ್ಲ ಮುದುಕರಿದ್ದರೂ ಅಂಗಳ ಖಾಲಿ. ವಿದ್ಯೆ ಸಾಯುವುದು ಕೊನೆಯ ಮೂರು ಕಿಲೋಮೀಟರಿನಲ್ಲಿ.

ಇನ್ನು ಗಂಡಸರ ಪಾಡು. 2025ರ ಜನವರಿ 5ರಿಂದ ಸರ್ಕಾರಿ ಬಸ್ಸಿನ ದರ ಶೇಕಡಾ 15ರಷ್ಟು ಏರಿತು. ಗಂಡ ಹೆಂಡತಿ ಇಬ್ಬರೂ ಭಜನೆ ತಂಡದಲ್ಲಿದ್ದರೆ ಆಕೆಗೆ ಪುಕ್ಕಟೆ, ಆತನಿಗೆ ಏರಿದ ದರ. "ನೀನು ಹೋಗಿ ಬಾ, ನನಗೆ ಅಂಗಡಿ ಇದೆ" ಎಂದು ಗಂಡ ಮನೆಯಲ್ಲಿ ಉಳಿಯುವುದಕ್ಕೆ ಇದೂ ಒಂದು ನೆಪ. ಗಂಡಸರ ಕೋಲಾಟ ಹಳ್ಳಿಯ ದೇವಸ್ಥಾನದ ಮುಂದೆ ಊಟವಾದ ಮೇಲೆ ಶುರುವಾಗುವುದು, ಮನೆ ನಾಲ್ಕು ಹೆಜ್ಜೆ. ಅವರಿಗೆ ಬಸ್ಸಿನ ಹಂಗಿಲ್ಲ. ಹೊರಗಿನಿಂದ ಗುರು ಬಂದು ಒಂದೆರಡು ತಿಂಗಳು ರಾತ್ರಿ ಹೊತ್ತು ಕಲಿಸಿ ಹೋಗುವ ಪದ್ಧತಿ ಆಂಧ್ರದ ಗಡಿಯುದ್ದಕ್ಕೂ ಇದೆ. ಗುರು ಬಸ್ಸು ಹತ್ತಿದರೆ ಸಾಕು, ಶಿಷ್ಯರು ಹತ್ತಬೇಕಿಲ್ಲ. ಹೆಂಗಸರ ತಂಡಗಳಿಗೂ ಇದೇ ಪದ್ಧತಿ ಯಾಕಾಗಬಾರದು ಎಂದು ಕೇಳಬಹುದು. ರಾತ್ರಿ ಒಂಬತ್ತಕ್ಕೆ ಅಡುಗೆ ಪಾತ್ರೆ ತೊಳೆಯುವವರು ಯಾರು ಎಂದು ಅವರು ಮರುಪ್ರಶ್ನೆ ಹಾಕುತ್ತಾರೆ.

ಹುಳು ಹಣ್ಣಾದ ವಾರ

ಶಿಡ್ಲಘಟ್ಟದ ಲೆಕ್ಕವೇ ಬೇರೆ. ರಾಜ್ಯದ ದೊಡ್ಡ ರೇಷ್ಮೆಗೂಡಿನ ಮಾರುಕಟ್ಟೆಗಳಲ್ಲಿ ಒಂದು ಇಲ್ಲಿದೆ. ಸುತ್ತಲ ಹಳ್ಳಿಗಳಲ್ಲಿ ಪಂಚಾಂಗಕ್ಕಿಂತ ಹುಳುವಿನ ಲೆಕ್ಕ ಗಟ್ಟಿ. ಇಪ್ಪತ್ತೈದರಿಂದ ಇಪ್ಪತ್ತೆಂಟು ದಿನದ ಸಾಕಣೆಯಲ್ಲಿ ನಾಲ್ಕನೇ ಜ್ವರ ಎದ್ದಮೇಲೆ ಒಂದು ವಾರ ಹುಳು ರಾಕ್ಷಸನ ಹಾಗೆ ಸೊಪ್ಪು ತಿನ್ನುತ್ತದೆ. ಹಗಲು ರಾತ್ರಿ ಸೊಪ್ಪು ಹಾಕಬೇಕು. ಆಮೇಲೆ ಹಣ್ಣಾದ ಹುಳು ಆರಿಸಿ ಚಂದ್ರಿಕೆಗೆ ಬಿಡಬೇಕು. ಆ ದಿನಗಳಲ್ಲಿ ಆ ಮನೆಯ ಹೆಣ್ಣುಮಗಳು ಕೋಲು ಮುಟ್ಟುವುದಿಲ್ಲ, ಮುಟ್ಟೆಂದು ಹೇಳುವ ಧೈರ್ಯ ಗುರುವಿಗೂ ಇಲ್ಲ. ಒಂದು ಮನೆಯ ಹುಳು ಈ ವಾರ ಹಣ್ಣಾದರೆ ಎದುರು ಮನೆಯದು ಮುಂದಿನ ವಾರ. ಇಬ್ಬರೂ ಜೋಡಿಯಾಗಿದ್ದರೆ ಎರಡು ವಾರ ಪಾಠ ಹೋಯಿತು. ಇಲ್ಲಿ ತಂಡ ಕಟ್ಟುವವರು ಮೊದಲು ಕೇಳಬೇಕಾದದ್ದು ಹೆಸರಲ್ಲ, ಚಾಕಿ ಹುಳು ತಂದ ತಾರೀಕು. ಒಟ್ಟಿಗೆ ಚಾಕಿ ತಂದವರನ್ನು ಜೋಡಿ ಮಾಡಿದರೆ ಇಬ್ಬರೂ ಒಟ್ಟಿಗೆ ತಪ್ಪಿಸಿಕೊಳ್ಳುತ್ತಾರೆ, ಒಟ್ಟಿಗೆ ವಾಪಸು ಬರುತ್ತಾರೆ.

ಚಿಂತಾಮಣಿಯವರ ಕಣ್ಣು ತಿರುಮಲದ ಮೇಲೆ. ಮದನಪಲ್ಲಿ ದಾರಿ ಅವರ ಮನೆ ಬಾಗಿಲಲ್ಲೇ ಇದೆ. ಬ್ರಹ್ಮೋತ್ಸವದಲ್ಲಿ ಸ್ವಾಮಿಯ ವಾಹನದ ಮುಂದೆ ಕುಣಿಯಲು ಕರ್ನಾಟಕದಿಂದಲೂ ಕೋಲಾಟ, ಭಜನೆ ತಂಡಗಳು ಹೋಗುತ್ತವೆ. ತಿರುಪತಿ ದೇವಸ್ಥಾನದ ದಾಸ ಸಾಹಿತ್ಯ ಪ್ರಾಜೆಕ್ಟ್ ಭಜನಾ ಮಂಡಳಿಗಳನ್ನು ಕರೆಸಿಕೊಳ್ಳುವುದೂ ಇದೆ. ಆದ್ದರಿಂದ ಈ ಊರಲ್ಲಿ ಗುರುವನ್ನು ಅಳೆಯುವ ಕೋಲೇ ಬೇರೆ: "ಅವರ ಜೊತೆ ಸೇರಿದರೆ ಬೆಟ್ಟಕ್ಕೆ ಕರಕೊಂಡು ಹೋಗ್ತಾರಾ?" ಹೌದು ಅಂದರೆ ಹೆಜ್ಜೆ ಸ್ವಲ್ಪ ಹಿಂದುಮುಂದಾದರೂ ನಡೆಯುತ್ತದೆ. ಅಲ್ಲಿಗೆ ಹೋಗುವ ಬಸ್ಸಿಗೆ ದುಡ್ಡು ಕೊಡಬೇಕು, ಗಡಿಯಾಚೆ ಶಕ್ತಿ ಇಲ್ಲ. ಕೊಡುತ್ತಾರೆ. ದಿನದ ಹತ್ತು ಕಿಲೋಮೀಟರಿಗೆ ಲೆಕ್ಕ ನೋಡುವವರೇ ವರ್ಷಕ್ಕೊಮ್ಮೆಯ ಬೆಟ್ಟಕ್ಕೆ ಲೆಕ್ಕ ನೋಡುವುದಿಲ್ಲ. ಹತ್ತಿರದ ಕೈವಾರದಲ್ಲಿ ಗುರುಪೂರ್ಣಿಮೆಗೆ ಸಂಗೀತೋತ್ಸವ ನಡೆದಾಗಲೂ ತಾತಯ್ಯನವರ ಕೀರ್ತನೆಗೆ ದನಿಗೂಡಿಸಲು ಮಂಡಳಿಗಳಿಗೆ ಇದೇ ಉತ್ಸಾಹ.

ಗೌರಿಬಿದನೂರಿನವರಿಗೆ ರೈಲಿದೆ, ಅತ್ತ ಹಿಂದೂಪುರ ಇತ್ತ ಯಲಹಂಕ. ಹಾಡು ಅರ್ಧ ತೆಲುಗು ಅರ್ಧ ಕನ್ನಡ, ಗುರು ಯಾವ ರಾಜ್ಯದವರಾದರೂ ಅಡ್ಡಿಯಿಲ್ಲ. ಆದರೆ ರೈಲಿನಲ್ಲೂ ಶಕ್ತಿ ಇಲ್ಲ, ಮತ್ತು ಸ್ಟೇಷನ್ನಿನಿಂದ ಹಳ್ಳಿಗೆ ಹೋಗುವ ಆಟೋದವರು ಕೇಳುವ ದುಡ್ಡು ರೈಲಿನ ಟಿಕೆಟ್ಟಿಗಿಂತ ಜಾಸ್ತಿ. ಆಂಧ್ರದಲ್ಲೂ 2025ರ ಆಗಸ್ಟ್ 15ರಿಂದ ಹೆಂಗಸರಿಗೆ ಉಚಿತ ಬಸ್ಸು ಬಂದಿದೆ. ಅದು ಆ ರಾಜ್ಯದ ಹೆಂಗಸರಿಗೆ. ಗಡಿಯ ಈಚೆ ಆಚೆ ಒಂದೇ ಕೋಲು ಹಾಕುವವರು ಬಸ್ಸಿನಲ್ಲಿ ಮಾತ್ರ ಬೇರೆ ಬೇರೆ ರಾಜ್ಯದವರು.

ಅಂಗಡಿ ದೀಪ

ವ್ಯಾಪಾರಸ್ಥರಿಗೆ ಇದರಲ್ಲಿ ಏನು ಸಂಬಂಧ ಎನ್ನಬೇಡಿ. ತಂಡವೊಂದು ಎದ್ದಿತು ಅಂದರೆ ಹದಿನಾರು ಒಂದೇ ಬಣ್ಣದ ಸೀರೆ, ಹದಿನಾರು ಜೊತೆ ಗೆಜ್ಜೆ. ಬಟ್ಟೆ ಅಂಗಡಿಯವರಿಗೆ ಗೊತ್ತು. ಆದರೆ ಪ್ರತಿ ಉತ್ಸವಕ್ಕೂ ಹೊಸ ಸೀರೆ ಎನ್ನುವ ತಂಡದಲ್ಲಿ ಕೂಲಿಗೆ ಹೋಗುವ ಹೆಣ್ಣುಮಗಳು ಎರಡನೇ ಸೀರೆಗೆ ಉಳಿಯುವುದಿಲ್ಲ. "ಇರೋ ಸೀರೆಯಲ್ಲೇ ಬಾ" ಎನ್ನುವ ಕಡೆಗೆ ಹೋಗುತ್ತಾಳೆ, ಅಲ್ಲಿ ಗುರು ಯಾರೇ ಆಗಿರಲಿ.

ಸೀರೆಗಿಂತ ದೊಡ್ಡ ವಿಚಾರ ದೀಪದ್ದು. ದೇವಸ್ಥಾನದಿಂದ ಬಸ್ ಸ್ಟ್ಯಾಂಡಿಗೆ ಹೋಗುವ ಬೀದಿಯಲ್ಲಿ ಅಂಗಡಿಗಳು ಎಂಟಕ್ಕೆ ಶಟರ್ ಎಳೆದರೆ ಆ ಬೀದಿಯ ಕ್ಲಾಸು ಏಳೂವರೆಗೇ ಮುಗಿಯಬೇಕು. ಒಂಬತ್ತರವರೆಗೆ ಬಾಗಿಲು ತೆಗೆದಿರುವ ಬೀದಿಯಾದರೆ ಪಾಠಕ್ಕೆ ಒಂದು ಗಂಟೆ ಹೆಚ್ಚು ಸಿಗುತ್ತದೆ. ಪುರಸಭೆಯ ಬೀದಿದೀಪ ಇದ್ದರೂ ಹೆಂಗಸರು ನಂಬುವುದು ಅಂಗಡಿಯ ದೀಪವನ್ನು, ಅದರ ಕೆಳಗೆ ಗುರುತಿನ ಒಬ್ಬ ಮನುಷ್ಯ ಕೂತಿರುತ್ತಾನೆ. ಹೂವಿನವಳು, ಔಷಧಿ ಅಂಗಡಿಯವರು, ಬೇಕರಿಯವರು ಇವರೇ ಈ ಕಲೆಯ ಕಾವಲುಗಾರರು, ಅವರಿಗೆ ಅದು ಗೊತ್ತಿಲ್ಲ ಅಷ್ಟೇ.

ಹಾಗಾದರೆ ಆಗಬೇಕಾದ್ದೇನು? ದೊಡ್ಡ ರಂಗಮಂದಿರ ಬೇಕೆಂದು ಮನವಿ ಕೊಡುವವರು ಕೊಡಲಿ. ಅದು ಊರ ಹೊರಗೆ ಜಾಗ ಸಿಕ್ಕ ಕಡೆ ಎದ್ದು ನಿಂತರೆ ಸಂಜೆ ಅಲ್ಲಿಗೆ ಹೋಗುವವರು ಯಾರು, ಬರುವವರು ಯಾರು? ಬಸ್ ಸ್ಟ್ಯಾಂಡಿನಿಂದ ಹತ್ತು ನಿಮಿಷದ ನಡಿಗೆಯೊಳಗೆ ಒಂದು ಸಮತಟ್ಟಾದ ನೆಲ ಸಿಕ್ಕರೆ ಅರ್ಧ ತೊಂದರೆ ತೀರಿತು. ಶಾಲೆಯ ಅಂಗಳ ನಾಲ್ಕೂವರೆಯ ಮೇಲೆ ಖಾಲಿ. ಕಲ್ಯಾಣ ಮಂಟಪಗಳು ಆಷಾಢದಲ್ಲಿ, ಧನುರ್ಮಾಸದಲ್ಲಿ ಬಾಗಿಲು ಹಾಕಿಕೊಂಡು ಜೇಡರ ಬಲೆ ಕಟ್ಟಿಸಿಕೊಳ್ಳುತ್ತವೆ. ಇನ್ನರ್ಧ ಡಿಪೋ ಮ್ಯಾನೇಜರ ಕೈಯಲ್ಲಿದೆ. ಏಳೂಮುಕ್ಕಾಲಕ್ಕೆ ಹೊರಡುವ ಒಂದು ಬಸ್ಸನ್ನು ಎಂಟೂಕಾಲಿಗೆ ಬಿಟ್ಟರೆ ಸರ್ಕಾರಕ್ಕೆ ಖರ್ಚೇನೂ ಬೀಳುವುದಿಲ್ಲ. ಹಾಗೆ ಕೇಳುವವರು ಬೇಕು. ಕಲಾವಿದರ ಅರ್ಜಿ ಎಂದರೆ ಸಂಸ್ಕೃತಿ ಇಲಾಖೆಗೆ ಹೋಗುತ್ತದೆ, ಬಸ್ ಡಿಪೋಗೆ ಹೋಗುವುದಿಲ್ಲ.

ಗುರುಗಳೂ ಒಂದು ಕೆಲಸ ಮಾಡಬಹುದು. ಹೊಸಬಳು ಸೇರಲು ಬಂದಾಗ ಕೋಲು ಕೈಗೆ ಕೊಡುವ ಮುಂಚೆ ಯಾವ ಊರು, ಯಾವ ಬಸ್ಸು ಎಂದು ಕೇಳಿ, ಅದೇ ದಾರಿಯವಳ ಪಕ್ಕದಲ್ಲಿ ನಿಲ್ಲಿಸಬಹುದು. ಈಗ ಎತ್ತರ ನೋಡಿ ನಿಲ್ಲಿಸುತ್ತಾರೆ, ಸ್ಟೇಜಿನ ಮೇಲೆ ಚೆನ್ನಾಗಿ ಕಾಣುತ್ತದೆಂದು. ಸ್ಟೇಜು ವರ್ಷಕ್ಕೆ ನಾಲ್ಕು ಸಲ, ಬಸ್ಸು ವಾರಕ್ಕೆ ಮೂರು ಸಲ. ಮೇಲೂರಿನ ಕಡೆಯ ಉದ್ದದವಳೂ ಅದೇ ಕಡೆಯ ಗಿಡ್ಡನೆಯವಳೂ ಎದುರುಬದುರು ನಿಂತರೆ ನೋಡುವವರಿಗೆ ಸ್ವಲ್ಪ ನಗು ಬರಬಹುದು. ಆದರೆ ಮುಂದಿನ ಸೋಮವಾರ ಇಬ್ಬರೂ ಬಂದಿರುತ್ತಾರೆ.