ನಲವತ್ತು ಮಕ್ಕಳಿಗೆ ಒಂದೇ ಆಕಾಶ

ವಾರ್ಷಿಕೋತ್ಸವದ ದಿನಗಳು ಬಂದವೆಂದರೆ ಬೆಂಗಳೂರಿನ ಅನೇಕ ಖಾಸಗಿ ಶಾಲೆಗಳ ಗೋಡೆಗಳ ಮೇಲೆ ವಿನ್ಸೆಂಟ್ ವ್ಯಾನ್ ಗೋ ಪ್ರತ್ಯಕ್ಷನಾಗುತ್ತಾನೆ. ನಾಲ್ಕನೆಯ ತರಗತಿಯ ನಲವತ್ತು ಮಕ್ಕಳು ಬಿಡಿಸಿದ ‘ನಕ್ಷತ್ರಮಯ ರಾತ್ರಿ’ಗಳು ಸಾಲಾಗಿ ತೂಗುತ್ತವೆ. ಎಲ್ಲದರಲ್ಲೂ ಅದೇ ಸುಳಿಗಾಳಿಯ ಆಕಾಶ, ಅದೇ ಹಳದಿ ಚಂದ್ರ, ಎಡಕ್ಕೆ ಅದೇ ಕಡುಬಣ್ಣದ ಸೈಪ್ರೆಸ್ ಮರ. ಹೆಸರಿನ ಚೀಟಿ ತೆಗೆದರೆ ಯಾವುದು ಯಾರದೆಂದು ಹೆತ್ತವರಿಗೂ ತಿಳಿಯದು. (ಕೆಲವನ್ನು ಹಿಂದಿನ ರಾತ್ರಿ ಹೆತ್ತವರೇ ಕುಳಿತು ಮುಗಿಸಿರುತ್ತಾರೆ ಎಂಬುದು ಬೇರೆ ಮಾತು.)

ನಕಲು ಮಾಡಿಸುವುದೇ ತಪ್ಪು ಎಂದು ಹೇಳುವ ಶುದ್ಧಾಂತಃಕರಣದವರ ಸಾಲಿಗೆ ನಾನು ಸೇರಿದವನಲ್ಲ. ಹಿರಿಯರ ರೇಖೆಯನ್ನು ಅನುಸರಿಸುತ್ತಲೇ ಕೈ ಪಳಗುತ್ತದೆ; ಮೈಸೂರು ಸಾಂಪ್ರದಾಯಿಕ ಚಿತ್ರಕಲೆ ಉಳಿದು ಬಂದದ್ದೂ ಹಾಗೆಯೇ. ಸ್ವತಃ ವ್ಯಾನ್ ಗೋ ದೊಡ್ಡ ನಕಲುಗಾರ. 1887ರಲ್ಲಿ ಜಪಾನಿನ ಹಿರೋಶಿಗೆಯ ಮುದ್ರಣಚಿತ್ರಗಳನ್ನು ತೈಲವರ್ಣಕ್ಕೆ ಇಳಿಸಿದ. 1889–90ರಲ್ಲಿ ಸೇಂಟ್ ರೆಮಿಯ ಮಾನಸಿಕ ಚಿಕಿತ್ಸಾಲಯದಲ್ಲಿದ್ದಾಗ ಮಿಲೆಯ ರೈತಚಿತ್ರಗಳನ್ನು ಆಧರಿಸಿ 20ಕ್ಕೂ ಹೆಚ್ಚು ಕೃತಿಗಳನ್ನು ರಚಿಸಿದ. ಆದರೆ ಅವನ ಮುಂದಿದ್ದುದು ಕಪ್ಪು ಬಿಳುಪಿನ ಪ್ರತಿಗಳು. ಬಣ್ಣವನ್ನು ಅವನೇ ಹುಡುಕಿಕೊಳ್ಳಬೇಕಾಯಿತು. ಒಬ್ಬರ ಸ್ವರಪ್ರಸ್ತಾರವನ್ನು ಇನ್ನೊಬ್ಬ ವಾದಕ ತನ್ನದೇ ರೀತಿಯಲ್ಲಿ ನುಡಿಸುವುದಕ್ಕೆ ಅವನು ಆ ಕೆಲಸವನ್ನು ಹೋಲಿಸಿದ್ದ.

ನಮ್ಮ ಶಾಲೆಗಳು ಮಗುವಿನಿಂದ ಕಿತ್ತುಕೊಳ್ಳುತ್ತಿರುವುದು ಈ ಹುಡುಕಾಟವನ್ನೇ. ಅಚ್ಚು ಹಾಕಿದ ರೂಪರೇಖೆ, ಯಾವ ಬಣ್ಣ ಎಲ್ಲಿಗೆಂಬ ಸೂಚನೆ, ಮೂಲಕ್ಕೆ ಎಷ್ಟು ಹತ್ತಿರವೋ ಅಷ್ಟು ಅಂಕ. ‘ನಕ್ಷತ್ರಮಯ ರಾತ್ರಿ’ಯ ಹಳ್ಳಿ ಚಿತ್ರಕಾರನ ಕೋಣೆಯ ಕಿಟಕಿಯಿಂದ ಕಾಣುತ್ತಿರಲಿಲ್ಲ, ಅದು ಅವನು ಸೇರಿಸಿದ್ದು ಎಂಬ ಸಂಗತಿಯನ್ನು ಹೇಳಿ, ‘ನಿನ್ನ ಕಿಟಕಿಯ ಆಕಾಶಕ್ಕೆ ನೀನೇನು ಸೇರಿಸುತ್ತೀಯಪ್ಪಾ?’ ಎಂದು ಕೇಳಿದ್ದರೆ ಆ ಗೋಡೆಯ ಮೇಲೆ ನೀರಿನ ಟ್ಯಾಂಕು, ಮೊಬೈಲ್ ಗೋಪುರ, ಮೆಟ್ರೊ ಕಂಬಗಳೂ ಬರುತ್ತಿದ್ದವು.

ಇನ್ನೊಂದು ಪ್ರಶ್ನೆ: ಪ್ರೇರಣೆಗೆ ಪ್ರತಿ ಸಲವೂ ಫ್ರಾನ್ಸಿಗೇ ಹೋಗಬೇಕೆ? ಮೂಲ ‘ನಕ್ಷತ್ರಮಯ ರಾತ್ರಿ’ ಇರುವುದು ನ್ಯೂಯಾರ್ಕಿನಲ್ಲಿ. ನಮ್ಮ ಮಕ್ಕಳು ನೋಡುವುದು ಮೊಬೈಲಿನ ಪರದೆಯಲ್ಲಿ ಅಂಗೈಯಗಲದ ಚಿತ್ರ. ಕೃತಿಯ ಗಾತ್ರ, ಬಣ್ಣದ ದಪ್ಪ, ಕುಂಚದ ಗುರುತು ಅಲ್ಲಿ ಕಾಣದು. ಅತ್ತ ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನಲ್ಲಿ ಹೆಬ್ಬಾರರ, ರೋರಿಕ್‌ರ ಮೂಲ ಕೃತಿಗಳಿವೆ. ಅರಮನೆ ರಸ್ತೆಯಲ್ಲಿ 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವಿದೆ. ವಂಡರ್‌ಲಾಕ್ಕೆ ಹೊರಡುವ ಶಾಲಾ ಬಸ್ಸಿಗೆ ಈ ದಾರಿ ಗೊತ್ತೇ ಇಲ್ಲ.

ಕೆ.ಕೆ. ಹೆಬ್ಬಾರರನ್ನೇ ತೆಗೆದುಕೊಳ್ಳಿ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಅವರು ಲಯವನ್ನು ಅರಿಯಲೆಂದು ಕಥಕ್ ಅಭ್ಯಾಸ ಮಾಡಿದವರು. ಆ ಲಯವನ್ನು ಅವರ ರೇಖಾಚಿತ್ರಗಳಲ್ಲಿ ಕಾಣಬಹುದು. ಒಂದೆರಡು ಗೆರೆ ಬಳುಕಿದರೆ ಸಾಕು, ನರ್ತಕಿ ಎದ್ದು ನಿಲ್ಲುತ್ತಾಳೆ. ಅದನ್ನು ಕಾಲು ಗಂಟೆ ಸುಮ್ಮನೆ ನೋಡಿಸಿ, ಬಳಿಕ ದೋಸೆ ಹುಯ್ಯುವ ಅಜ್ಜಿಯನ್ನೋ ಸಿಗ್ನಲ್ಲಿನಲ್ಲಿ ಒಂದು ಕಾಲೂರಿ ನಿಂತ ಸ್ಕೂಟರ್ ಸವಾರನನ್ನೋ ಪೆನ್ಸಿಲ್ ಎತ್ತದೆ ಬರೆಯಲು ಹೇಳಿದರೆ ಹೆಬ್ಬಾರರಿಂದ ಪಡೆಯಬೇಕಾದುದನ್ನು ಮಗು ಪಡೆಯುತ್ತದೆ. ಕ್ಯಾನ್ವಾಸು, ಅಕ್ರಿಲಿಕ್ ಡಬ್ಬಿಗಳ ಪಟ್ಟಿ ಮನೆಗೆ ಬರಬೇಕಾಗಿಲ್ಲ. ಸರ್ಕಾರಿ ಶಾಲೆಯಲ್ಲೂ ಇದು ಸಾಧ್ಯ, ಚಿತ್ರಕಲಾ ಶಿಕ್ಷಕರಿದ್ದರೆ.

ಸಮಸ್ಯೆಯ ಬುಡ ಅಲ್ಲಿದೆ. ಕಲಾ ಶಿಕ್ಷಣ ಹತ್ತನೆಯ ತರಗತಿಯವರೆಗೆ ಕಡ್ಡಾಯವಾಗಬೇಕೆಂದು ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005ರಲ್ಲೇ ಹೇಳಿತು. ಆದರೂ ಪರೀಕ್ಷೆ ಹತ್ತಿರವಾದಾಗ ಗಣಿತದವರು ಮೊದಲು ಕೇಳಿ ಪಡೆಯುವುದು ಡ್ರಾಯಿಂಗ್ ಪೀರಿಯಡನ್ನೇ. ವಾರಕ್ಕೊಂದು ಪೀರಿಯಡ್ ಉಳಿಸಿಕೊಳ್ಳಲು ಹೆಣಗುವ ಶಿಕ್ಷಕ, ಹೆತ್ತವರು ಬಂದು ನೋಡಿ ಮೆಚ್ಚುವಂಥದ್ದನ್ನು ಗೋಡೆಗೆ ಏರಿಸಲೇಬೇಕು. ಅಚ್ಚುಗಟ್ಟಾದ ವ್ಯಾನ್ ಗೋ ಅವನ ನೌಕರಿಗೆ ರಕ್ಷೆ. ಹಾಗಾಗಿ ಮೊದಲು ಬದಲಾಗಬೇಕಾದವರು ಪ್ರದರ್ಶನಕ್ಕೆ ಹೋಗುವ ನಾವು. ಅಂಕುಡೊಂಕಾದ ಗೆರೆಯ ಮುಂದೆ ನಿಂತು, ಇದೇಕೆ ಹೀಗೆ ಬರೆದೆ ಎಂದು ಆ ಮಗುವನ್ನೇ ಕೇಳಿ, ಉತ್ತರ ಮುಗಿಯುವವರೆಗೆ ಕಾಯಬೇಕು.