ಗಿಗಾಹರ್ಟ್ಸ್ ಒಂದನ್ನೇ ನೋಡಿ ದುಡ್ಡು ಕೊಡಬೇಡಿ

ಸಿಇಟಿ ಫಲಿತಾಂಶ ಬಂದ ವಾರದಿಂದಲೇ ಮುಂಬೈಯಲ್ಲಿರುವ ನಮ್ಮಂಥವರಿಗೆ ಊರಿನ ಕರೆಗಳು ಶುರುವಾಗುತ್ತವೆ. ‘ಹುಡುಗನಿಗೆ ಲ್ಯಾಪ್‌ಟಾಪ್ ಬೇಕಂತೆ. ನೀನು ಕಂಪ್ಯೂಟರಿನವನಲ್ಲವೊ, ಯಾವುದು ತಕೊಳ್ಳುವುದು ಹೇಳು ಮಾರಾಯ.’ ಫೋರ್ಟಿನ ಷೇರು ದಲ್ಲಾಳಿ ಕಚೇರಿಯೊಂದರಲ್ಲಿ ಕಂಪ್ಯೂಟರ್‌ಗಳ ಉಸ್ತುವಾರಿ ನನ್ನದು ಎಂಬುದೇ ಇದಕ್ಕೆ ಕಾರಣ. ಕೇಳುವವರಲ್ಲಿ ಸೊಸೈಟಿ ಸಾಲ ಮಾಡುವವರಿದ್ದಾರೆ, ಅಡಿಕೆ ಮಾರಿದ ದುಡ್ಡು ತೆಗೆದಿಟ್ಟವರಿದ್ದಾರೆ. ಅಂಗಡಿಯಲ್ಲಿ ಅವರ ಕಿವಿಗೆ ಬೀಳುವ ಸಂಖ್ಯೆ ಮಾತ್ರ ಸಾಮಾನ್ಯವಾಗಿ ಒಂದೇ: ಇಷ್ಟು ಗಿಗಾಹರ್ಟ್ಸ್.

ಗಿಗಾಹರ್ಟ್ಸ್ ಸುಳ್ಳಲ್ಲ, ಅರ್ಧ ಸತ್ಯ. 4 ಗಿಗಾಹರ್ಟ್ಸ್ ಪ್ರೊಸೆಸರ್ ಸೆಕೆಂಡಿಗೆ 400 ಕೋಟಿ ಸಲ ಮಿಡಿಯುತ್ತದೆ. ಆದರೆ ಬೇಕಾದ ಅಂಕಿ ರ‍್ಯಾಮ್‌ನಿಂದ ಬರಲು ಸುಮಾರು 80 ನ್ಯಾನೋಸೆಕೆಂಡ್ ಹಿಡಿದರೆ, ಅಷ್ಟರಲ್ಲಿ 320 ಮಿಡಿತ ಕಳೆದುಹೋಗಿರುತ್ತದೆ. ಆ ಕಾಯುವಿಕೆ ತಪ್ಪಿಸಲು ಪ್ರೊಸೆಸರಿನ ಒಳಗೇ ಇಟ್ಟಿರುವ ಸಣ್ಣ, ಚುರುಕಾದ ದಾಸ್ತಾನೇ ಕ್ಯಾಶ್. (ದಲಾಲ್ ಸ್ಟ್ರೀಟಿನ ಪಕ್ಕದಲ್ಲಿ ಕುಳಿತು ಈ ಪದ ಬಳಸುವುದು ಕಷ್ಟ; ಇಲ್ಲಿ ಎಲ್ಲರಿಗೂ ಕ್ಯಾಶ್ ಎಂದರೆ ನಗದೇ.)

ಫೋರ್ಟಿನ ಉಡುಪಿ ಹೋಟೆಲಿನ ಮಧ್ಯಾಹ್ನದ ಒಂದು ಗಂಟೆಯನ್ನು ನೆನಪಿಸಿಕೊಳ್ಳಿ. ದೋಸೆ ಹಾಕುವವರ ಕೈ ಎಷ್ಟೇ ಚುರುಕಾಗಿರಲಿ, ಪ್ರತಿ ಸೌಟು ಹಿಟ್ಟಿಗೂ ಹುಡುಗ ಮೇಲಿನ ಅಟ್ಟಕ್ಕೆ ಓಡಬೇಕಾದರೆ ಕಾವಲಿ ಖಾಲಿ ಕಾಯುತ್ತದೆ. ಅದಕ್ಕೇ ಹಿಟ್ಟಿನ ಪಾತ್ರೆ ಕೈಯಳತೆಯಲ್ಲಿರುತ್ತದೆ. ಹಾಗೆಂದು ಪಕ್ಕದಲ್ಲೇ ದೊಡ್ಡ ಕೊಪ್ಪರಿಗೆ ಇಟ್ಟರೆ ಸೌಟು ಹಾಕಲು ಪ್ರತಿ ಸಲ ಬಗ್ಗಬೇಕು. ಕ್ಯಾಶ್ ಕೂಡ ಹಾಗೆಯೇ: ಗಾತ್ರ ಹೆಚ್ಚಿದಂತೆ ಹುಡುಕುವ ಹೊತ್ತೂ ಹೆಚ್ಚುತ್ತದೆ. ಎಲ್1, ಎಲ್2, ಎಲ್3 ಎಂದು ಸಣ್ಣದರಿಂದ ದೊಡ್ಡದಕ್ಕೆ ಮೂರು ಹಂತ ಮಾಡಿರುವುದು ಅದಕ್ಕೇ.

ಈ ತೂಗಾಟ ಹಳೆಯದು. 1998ರಲ್ಲಿ ಇಂಟೆಲ್ ಅಗ್ಗದ ಸೆಲೆರಾನ್ ತಂದಾಗ ಬೆಲೆ ಇಳಿಸಲು ಎಲ್2 ಕ್ಯಾಶನ್ನೇ ತೆಗೆದುಹಾಕಿತ್ತು. 266 ಮೆಗಾಹರ್ಟ್ಸ್ ಎಂಬ ಸಂಖ್ಯೆ ಚೆನ್ನಾಗಿಯೇ ಕಾಣುತ್ತಿತ್ತು, ಯಂತ್ರ ಮಾತ್ರ ಏದುಸಿರು ಬಿಡುತ್ತಿತ್ತು. ಅದೇ ವರ್ಷ 128 ಕೆಬಿ ಕ್ಯಾಶ್ ಸೇರಿಸಿದ 300ಎ ಬಂತು, ಅದಕ್ಕೆ ಅಭಿಮಾನಿಗಳೇ ಹುಟ್ಟಿಕೊಂಡರು. 2004ರ ಅಕ್ಟೋಬರ್‌ನಲ್ಲಿ ಅದೇ ಕಂಪನಿ 4 ಗಿಗಾಹರ್ಟ್ಸ್‌ನ ಪೆಂಟಿಯಂ 4 ತರುವ ಯೋಜನೆಯನ್ನು ಕೈಬಿಟ್ಟು, 3.8ರಲ್ಲೇ ನಿಂತು, ಕ್ಯಾಶನ್ನು 1 ಎಂಬಿಯಿಂದ 2 ಎಂಬಿಗೆ ಏರಿಸುವ ದಾರಿ ಹಿಡಿಯಿತು. ಅದರಿಂದ ಸಿಕ್ಕ ಲಾಭ ಅಲ್ಪವೇ. ಕೊಪ್ಪರಿಗೆಗೆ ಬಗ್ಗುವ ಹೊತ್ತು ಅಲ್ಲೂ ಲೆಕ್ಕಕ್ಕೆ ಬಂತು.

ಹತ್ತಿರದ ಉದಾಹರಣೆ ಎಎಂಡಿಯದು. ಅದರ ರೈಜೆನ್ 7 5800ಎಕ್ಸ್‌ನಲ್ಲಿ ಎಲ್3 ಕ್ಯಾಶ್ 32 ಎಂಬಿ, ಗರಿಷ್ಠ ವೇಗ 4.7 ಗಿಗಾಹರ್ಟ್ಸ್. 2022ರಲ್ಲಿ ಬಂದ 5800ಎಕ್ಸ್3ಡಿಯಲ್ಲಿ ಕ್ಯಾಶ್ 96 ಎಂಬಿ, ವೇಗ 4.5ಕ್ಕೆ ಇಳಿದಿತ್ತು. ಆದರೂ ಅನೇಕ ಗೇಮ್‌ಗಳಲ್ಲಿ ಎರಡನೆಯದೇ ಮುಂದೆ. ವಿಡಿಯೊ ರೆಂಡರಿಂಗಿನಂಥ ಕೆಲಸದಲ್ಲಿ ಮಾತ್ರ ಮೊದಲನೆಯದು ತುಸು ಮುಂದಿತ್ತು. ಅಲ್ಲಿ ಬೇಕಾದ ಅಂಕಿಗಳು ಸಾಲಾಗಿ ಬರುವುದರಿಂದ ಸಣ್ಣ ಪಾತ್ರೆಯೇ ಸಾಕು.

ಇಷ್ಟಕ್ಕೂ ‘ಗರಿಷ್ಠ’ ಎಂದು ಬರೆದದ್ದನ್ನು ನಂಬುವುದೆಷ್ಟು? ಅದು ತಣ್ಣಗಿದ್ದಾಗ ಕೆಲವು ಕ್ಷಣ ಮುಟ್ಟುವ ವೇಗ. ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ, ಫ್ಯಾನ್ ಮಾತ್ರ ಇರುವ ಹಾಸ್ಟೆಲ್ ಕೋಣೆಯಲ್ಲಿ, ತೆಳು ಲ್ಯಾಪ್‌ಟಾಪ್ ಬಿಸಿಯಾದೊಡನೆ ತನ್ನ ವೇಗ ತಾನೇ ತಗ್ಗಿಸಿಕೊಳ್ಳುತ್ತದೆ. 16 ಎಂಬಿ ಕ್ಯಾಶ್ ಮಾತ್ರ ಆ ಸೆಕೆಯಲ್ಲೂ 16 ಎಂಬಿಯಾಗಿಯೇ ಇರುತ್ತದೆ. ಅಂಗಡಿಯ ಚೀಟಿಯಲ್ಲಿ ಗಿಗಾಹರ್ಟ್ಸ್ ದಪ್ಪಕ್ಷರದಲ್ಲಿದ್ದು ಕ್ಯಾಶ್ ಕಾಣೆಯಾಗಿರುವುದು ಗ್ರಾಹಕರಿಗೆ ಮಾಡುವ ಅನ್ಯಾಯ ಎಂದೇ ನನ್ನ ವಾದ. ಎರಡನ್ನೂ ಒಂದೇ ಗಾತ್ರದ ಅಕ್ಷರದಲ್ಲಿ ಮುದ್ರಿಸಲಿ.

ಹೆಸರು ನೋಡಿ ಮೋಸ ಹೋಗುವುದೂ ಸುಲಭ. ರೈಜೆನ್ 7 5700ಜಿ ಮತ್ತು 5800ಎಕ್ಸ್ ಎರಡಕ್ಕೂ ಎಂಟು ಕೋರ್, ವೇಗದಲ್ಲಿ ಹೆಚ್ಚು ಅಂತರವಿಲ್ಲ. ಆದರೆ ಮೊದಲನೆಯದರ ಎಲ್3 ಕ್ಯಾಶ್ ಅರ್ಧ, 16 ಎಂಬಿ. ಹಾಗೆಂದು 5700ಜಿ ಕೆಟ್ಟದ್ದಲ್ಲ. ಅದರೊಳಗೇ ಗ್ರಾಫಿಕ್ಸ್ ಇದೆ, ಬಿಲ್ಲು, ಪತ್ರ, ಟ್ಯಾಲಿ ನೋಡುವ ಕಚೇರಿಗೆ ಬೇರೆ ಕಾರ್ಡಿನ ಖರ್ಚು ಉಳಿಯುತ್ತದೆ. ನನ್ನ ಕಚೇರಿಯಂತೆ ಲಕ್ಷಾಂತರ ಸಾಲುಗಳ ವಹಿವಾಟನ್ನು ಹಿಂದೆ ಮುಂದೆ ತಾಳೆ ನೋಡುವ ಕೆಲಸವಿದ್ದರೆ ನಾನು 200 ಮೆಗಾಹರ್ಟ್ಸ್ ಬಿಟ್ಟುಕೊಟ್ಟಾದರೂ ಕ್ಯಾಶ್ ಕೇಳುತ್ತೇನೆ.

ಈ ಹೋಲಿಕೆಗೆ ಅರ್ಥ ಬರುವುದು ಒಂದೇ ತಲೆಮಾರಿನ ಪ್ರೊಸೆಸರ್‌ಗಳ ನಡುವೆ. ಐದಾರು ವರ್ಷ ಹಳೆಯ ಚಿಪ್ಪಿನ ದೊಡ್ಡ ಕ್ಯಾಶ್ ನೋಡಿ ಮರುಳಾಗುವುದೂ ಬೇಡ.

ಊರಿನಿಂದ ಕೇಳುವವರಿಗೆ ನನ್ನ ಉತ್ತರ ಇದು: ಮೊದಲು 16 ಜಿಬಿ ರ‍್ಯಾಮ್ ಮತ್ತು ಎಸ್‌ಎಸ್‌ಡಿ ಇದೆಯೇ ನೋಡಿ. ಅವಿಲ್ಲದಿದ್ದರೆ ಉಳಿದ ಚರ್ಚೆಯೇ ವ್ಯರ್ಥ. ಆಮೇಲೆ ಪ್ರೊಸೆಸರಿನ ಪೂರ್ತಿ ಹೆಸರನ್ನು, ಕೊನೆಯ ಅಕ್ಷರವನ್ನೂ ಬಿಡದೆ, ಅಂಗಡಿಯವರಿಂದ ಬರೆಸಿಕೊಂಡು ವಾಟ್ಸ್‌ಆ್ಯಪ್ ಮಾಡಿ. ತಯಾರಕರ ಜಾಲತಾಣದಲ್ಲಿ ಅದರ ಕ್ಯಾಶ್ ಎಷ್ಟೆಂದು ಎರಡು ನಿಮಿಷದಲ್ಲಿ ಸಿಗುತ್ತದೆ. ಮುಂಗಡ ಕೊಡುವುದು ಅದಾದ ಮೇಲೆ.